ಪಿಡಿಎಫ್‌ನಲ್ಲಿ ಅಡ್ಡಗೆರೆ ಕಾಣದಿದ್ದರೆ: ಅಡಿಕೆ ಪಟ್ಟಿಯನ್ನು ಮುಂದಿಟ್ಟುಕೊಂಡು ಒಂದು ದೋಷ ನಿವಾರಣೆ ಕೈಪಿಡಿ

ಶಿರಸಿ ಕಡೆ ಅಡಿಕೆ ಮಾರಿದವರ ಕೈಗೆ ಬರುವ ಪಟ್ಟಿಯಲ್ಲಿ ಎರಡು ಅಡ್ಡಗೆರೆಗಳ ಮೇಲೆ ಇಡೀ ಲೆಕ್ಕ ನಿಂತಿರುತ್ತದೆ. ರಾಶಿ, ಚಾಲಿ, ಬೆಟ್ಟೆ, ಕೆಂಪುಗೋಟು ಎಂದು ಬಗೆವಾರು ತೂಕ, ದರ, ಮೊತ್ತ ಬರೆದು ಮುಗಿದಲ್ಲಿ ಒಂದು ಗೆರೆ. ಹಮಾಲಿ, ಸಾಲದ ಕಂತು, ಕಿರಾಣಿ ಬಾಕಿ ಎಲ್ಲ ಕಳೆದು ‘ನಿವ್ವಳ ಮೊತ್ತ’ ಬರುವಲ್ಲಿ ಅದರ ನೆತ್ತಿಯ ಮೇಲೆ ಇನ್ನೊಂದು. ಮೊದಲ ಗೆರೆಯವರೆಗಿನದು ಬೆಳೆದದ್ದರ ಬೆಲೆ, ಅಲ್ಲಿಂದ ಎರಡನೆಯದರವರೆಗೆ ಕಡಿತ, ಅದರಾಚೆ ಕೈಗೆ ಸಿಗುವ ಹಣ. ಮನೆಯ ಹಿರಿಯರು ಪಟ್ಟಿ ಓದುವುದೇ ಹೀಗೆ. ಗೆರೆ ಬಿದ್ದುಹೋದರೆ ಕಡಿತದ ಅಂಕಿಯನ್ನೂ ಜಮೆಗೆ ಸೇರಿಸಿ ಓದಿಕೊಂಡು, ಮರುದಿನ ಬಸ್ಸು ಹತ್ತಿ ಮತ್ತೆ ಕೌಂಟರಿಗೆ ಬರುತ್ತಾರೆ. ಹಾಗಾಗಿ ಪಿಡಿಎಫ್‌ನಲ್ಲಿ ಗೆರೆ ಕಾಣೆಯಾಗುವುದನ್ನು ನಾನು ಅಲಂಕಾರದ ಕೊರತೆ ಎಂದು ನೋಡುವುದಿಲ್ಲ. ಕೂಡಿಸುವುದರಲ್ಲಿ ತಪ್ಪಾದಾಗ ಎಷ್ಟು ತುರ್ತಿನಿಂದ ಸರಿಪಡಿಸುತ್ತೇವೋ ಇದನ್ನೂ ಅಷ್ಟೇ ತುರ್ತಿನಿಂದ ಸರಿಪಡಿಸಬೇಕು.

ನಮ್ಮ ಜಿಲ್ಲೆಯ ಸಹಕಾರಿ ಸಂಘ, ಮುದ್ರಣಾಲಯ, ದೇವಸ್ಥಾನದ ಸೇವಾ ಕೌಂಟರುಗಳಿಗೆ ಸಣ್ಣಪುಟ್ಟ ಬಿಲ್ಲಿಂಗ್ ತಂತ್ರಾಂಶ ಬರೆದುಕೊಡುವ ಹುಡುಗ ಹುಡುಗಿಯರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ಎಚ್‌ಟಿಎಂಎಲ್‌ನಲ್ಲಿ ಪಟ್ಟಿ ಬರೆದು, ಅದನ್ನು ಸರ್ವರ್‌ನಲ್ಲಿ ಪಿಡಿಎಫ್ ಮಾಡಿ, ಕೌಂಟರಿನಲ್ಲಿ ಮುದ್ರಿಸುವ ಕ್ರಮ ಈಗ ಎಲ್ಲೆಡೆ ಇದೆ. ಬ್ರೌಸರ್‌ನಲ್ಲಿ ಗೆರೆ ಚೆನ್ನಾಗಿಯೇ ಇರುತ್ತದೆ, ಕಾಗದದ ಮೇಲೆ ಇರುವುದಿಲ್ಲ.

ಗೆರೆ ಎಲ್ಲಿ ಕಳೆಯಿತು?

ಎಚ್‌ಟಿಎಂಎಲ್‌ನಿಂದ ಹೊರಟ ಗೆರೆ ಪಿಡಿಎಫ್ ಕಡತಕ್ಕೆ ಬರಬೇಕು, ಅಲ್ಲಿಂದ ವೀಕ್ಷಕ ತಂತ್ರಾಂಶದ ಪರದೆಗೆ, ಆಮೇಲೆ ಪ್ರಿಂಟರಿನಿಂದ ಕಾಗದಕ್ಕೆ. ಯಾವ ಹಂತದಲ್ಲಿ ಕೈಬಿಟ್ಟಿತು ಎಂದು ತಿಳಿಯದೆ ಸಿಎಸ್‌ಎಸ್ (ಪುಟದ ರೂಪ ಹೇಳುವ ನಿಯಮಗಳು) ತಿದ್ದಲು ಹೋದರೆ ದಿನ ಕಳೆದರೂ ಮುಗಿಯುವುದಿಲ್ಲ. ಕಾಗದ ನೋಡುತ್ತ ಸಿಎಸ್‌ಎಸ್ ತಿದ್ದುವವರೇ ಹೆಚ್ಚು, ಅಲ್ಲೇ ಸಮಯ ಹಾಳಾಗುವುದು.

ಸುಲಭದ ಪರೀಕ್ಷೆ: ಪಿಡಿಎಫ್ ತೆರೆದು, ಗೆರೆ ಇರಬೇಕಾದ ಜಾಗವನ್ನು 800 ಪ್ರತಿಶತಕ್ಕೆ ಹಿಗ್ಗಿಸಿ ನೋಡಿ. ಅಲ್ಲಿ ಗೆರೆ ಕಂಡರೆ ಅದು ಕಡತದಲ್ಲಿದೆ ಎಂದಾಯಿತು. ಆಗ ತೊಂದರೆ ದಪ್ಪದ್ದು, ಬಣ್ಣದ್ದು ಅಥವಾ ಪ್ರಿಂಟರಿನದ್ದು. ಅಷ್ಟು ಹಿಗ್ಗಿಸಿದರೂ ಕಾಣದಿದ್ದರೆ ಗೆರೆ ಹುಟ್ಟಲೇ ಇಲ್ಲ.

ಇನ್ನೂ ಖಚಿತವಾಗಬೇಕಾದರೆ ಪಾಪ್ಲರ್ ಎಂಬ ಪಿಡಿಎಫ್ ಸಾಧನದ ಜೊತೆ ಬರುವ ಪಿಡಿಎಫ್‌ಟುಪಿಪಿಎಂ ಎಂಬ ಆಜ್ಞೆಯಿಂದ ಪುಟವನ್ನು 600 ಡಿಪಿಐ (ಇಂಚಿಗೆ 600 ಚುಕ್ಕೆ) ಚಿತ್ರ ಮಾಡಿಸಿ. ಲೇಸರ್ ಪ್ರಿಂಟರಿಗೆ ಏನು ಸಿಗಲಿದೆ ಎಂಬುದು ಹೆಚ್ಚುಕಡಿಮೆ ಅದರಲ್ಲೇ ಕಾಣುತ್ತದೆ. ನನಗೆ ಇಷ್ಟವಾದದ್ದು ಇದಕ್ಕಿಂತ ಒಂದು ಹೆಜ್ಜೆ ಆಳದ ದಾರಿ. ಕ್ಯೂಪಿಡಿಎಫ್ ಎಂಬ ಉಚಿತ ಸಾಧನಕ್ಕೆ ಕ್ಯೂಡಿಎಫ್ ಆಯ್ಕೆ ಕೊಟ್ಟರೆ, ಒತ್ತಿ ಕಟ್ಟಿಟ್ಟ ಪಿಡಿಎಫ್ ಬಿಚ್ಚಿಕೊಂಡು ಟೆಕ್ಸ್ಟ್ ಎಡಿಟರ್‌ನಲ್ಲಿ ಓದುವಂತಾಗುತ್ತದೆ. ಪಿಡಿಎಫ್ ಅಡ್ಡಗೆರೆಯನ್ನು ಸಾಮಾನ್ಯವಾಗಿ ಎರಡು ರೀತಿಯಲ್ಲಿ ಬರೆಯುತ್ತದೆ. ಒಂದು, ಪೆನ್ನಿನ ಗೆರೆ: ಡಬ್ಲ್ಯೂ ಎಂಬ ಆಜ್ಞೆಯಿಂದ ದಪ್ಪ, ಎಂ ಮತ್ತು ಎಲ್‌ಗಳಿಂದ ಶುರು ಮತ್ತು ಕೊನೆಯ ಬಿಂದು, ದೊಡ್ಡಕ್ಷರದ ಎಸ್‌ನಿಂದ ಎಳೆಯುವ ಅಪ್ಪಣೆ. ಇನ್ನೊಂದು, ತೆಳ್ಳಗಿನ ಆಯತ: ಆರ್‌ಇ ಆಜ್ಞೆ ಆಯತವನ್ನು ಹೇಳುತ್ತದೆ, ಎಫ್ ಅದಕ್ಕೆ ಬಣ್ಣ ತುಂಬುತ್ತದೆ. ಎರಡರಲ್ಲಿ ಒಂದು ಕಂಡರೆ ಗೆರೆ ಇದೆ. ಅಂಕಿಗಳನ್ನು ಓದುವಾಗ ಮೇಲೆ ಸಿಎಂ ಎಂಬ ಆಜ್ಞೆ ಇದೆಯೇ ಎಂದು ಗಮನಿಸಿ, ಅದು ಅಳತೆಯನ್ನು ಹಿಗ್ಗಿಸುವ ಅಥವಾ ಕುಗ್ಗಿಸುವ ಆಜ್ಞೆ. ಸಿಎಂ ಸಾಲಿನಲ್ಲಿ 0.24 ಇದ್ದು ಆಯತದ ಎತ್ತರ 3.125 ಇದ್ದರೆ, ನಿಜವಾದ ದಪ್ಪ ಎರಡರ ಗುಣಲಬ್ಧ, ಅಂದರೆ 0.75 ಪಾಯಿಂಟ್. ಇದು ತಿಳಿಯದೆ ದೊಡ್ಡ ಅಂಕಿ ನೋಡಿ ‘ಗೆರೆ ದಪ್ಪವೇ ಇದೆಯಲ್ಲ’ ಎಂದುಕೊಳ್ಳುವುದುಂಟು.

ಕಡತದಲ್ಲೇ ಇಲ್ಲದ ಗೆರೆ

ಇಲ್ಲಿ ಮೊದಲು ಅನುಮಾನಿಸಬೇಕಾದದ್ದು ಹಿನ್ನೆಲೆ ಬಣ್ಣದಿಂದ ಮಾಡಿದ ಗೆರೆಯನ್ನು. ಬಾರ್ಡರ್ ತೆಗೆದುಹಾಕಿ, ಎತ್ತರ 1 ಪಿಕ್ಸೆಲ್ ಕೊಟ್ಟು, ಬ್ಯಾಕ್‌ಗ್ರೌಂಡ್ ಕಪ್ಪು ಮಾಡಿದ ಎಚ್‌ಆರ್ ಟ್ಯಾಗ್ (ಎಚ್‌ಟಿಎಂಎಲ್‌ನ ಅಡ್ಡಗೆರೆ) ಪರದೆಯಲ್ಲಿ ಅಚ್ಚುಕಟ್ಟಾಗಿ ಕಾಣುತ್ತದೆ. ಆದರೆ ಕ್ರೋಮ್ ಮುದ್ರಿಸುವಾಗ ಶಾಯಿ ಉಳಿಸಲು ಹಿನ್ನೆಲೆ ಬಣ್ಣಗಳನ್ನು ತಾನಾಗಿಯೇ ಬಿಟ್ಟುಬಿಡುತ್ತದೆ. ಕೋಡ್‌ನಿಂದ ಕ್ರೋಮ್ ನಡೆಸುವ ಪಪೆಟಿಯರ್ ಬಳಸುವವರಿಗೂ ಇದೇ ಕಥೆ, ಅದರ ಪ್ರಿಂಟ್‌ಬ್ಯಾಕ್‌ಗ್ರೌಂಡ್ ಆಯ್ಕೆ ಮೊದಲಿನಿಂದ ‘ಬೇಡ’ ಎಂದೇ ಇರುತ್ತದೆ. ಆ ಆಯ್ಕೆಯನ್ನು ‘ಬೇಕು’ ಮಾಡಬಹುದು, ಅಥವಾ ಸಿಎಸ್‌ಎಸ್‌ನಲ್ಲಿ ಪ್ರಿಂಟ್-ಕಲರ್-ಅಡ್ಜಸ್ಟ್ ಗುಣಕ್ಕೆ ಎಗ್ಸಾಕ್ಟ್ ಎಂದು ಕೊಡಬಹುದು. ಇವೆರಡಕ್ಕಿಂತ ಗೆರೆಯನ್ನು ಬಾರ್ಡರ್‌ನಿಂದಲೇ ಮಾಡುವುದು ಮೇಲು. ಬಾರ್ಡರ್ ಯಾವ ಆಯ್ಕೆಯ ಹಂಗಿನಲ್ಲೂ ಇರುವುದಿಲ್ಲ.

‘ನಾನು ಹಿನ್ನೆಲೆ ಬಣ್ಣ ಹಾಕಿಯೇ ಇಲ್ಲ’ ಎನ್ನುವವರು ತಾವು ಬಳಸುವ ಸಿಎಸ್‌ಎಸ್ ಚೌಕಟ್ಟನ್ನು ನೋಡಿ. ಬೂಟ್‌ಸ್ಟ್ರ್ಯಾಪ್ 5.0 ಮತ್ತು 5.1ರಲ್ಲಿ ಎಚ್‌ಆರ್ ಗೆರೆ ಇದ್ದದ್ದೇ ಹಿನ್ನೆಲೆ ಬಣ್ಣದಿಂದ, ಮೇಲಿಂದ ಅದಕ್ಕೆ ಕಾಲು ಭಾಗದ ಅಪಾರದರ್ಶಕತೆ, ಅಂದರೆ ಒಪಾಸಿಟಿ 0.25. 5.2ರಿಂದ ಅದನ್ನು ಬಾರ್ಡರ್‌ಗೆ ಬದಲಿಸಿದರು, ಆದರೆ ಒಪಾಸಿಟಿ ಹಾಗೇ ಉಳಿಯಿತು. ಹಾಗಾಗಿ ಹಳೆಯ ಆವೃತ್ತಿಯಲ್ಲಿ ಗೆರೆ ಮಾಯ, ಹೊಸದರಲ್ಲಿ ಗೆರೆ ಮಸುಕು.

ಎರಡನೆಯ ಅನುಮಾನ ಟೇಬಲ್ ಸಾಲಿನ ಮೇಲೆ. ಮೊತ್ತದ ಸಾಲಿನ ಟಿಆರ್ ಟ್ಯಾಗ್‌ಗೆ ಬಾರ್ಡರ್-ಟಾಪ್ ಕೊಟ್ಟಿರುತ್ತೇವೆ, ಗೆರೆ ಬರುವುದಿಲ್ಲ. ಬಾರ್ಡರ್-ಕೊಲ್ಯಾಪ್ಸ್ ಗುಣ ಸೆಪರೇಟ್ ಆಗಿರುವಾಗ ಟಿಆರ್ (ಸಾಲು), ಟಿಹೆಡ್, ಟಿಬಾಡಿಗಳ (ಸಾಲುಗಳ ಗುಂಪು) ಬಾರ್ಡರ್ ಎಳೆಯುವಂತಿಲ್ಲ ಎಂಬುದೇ ಸಿಎಸ್‌ಎಸ್ ನಿಯಮ. ಬೇರೇನೂ ಹೇಳದಿದ್ದರೆ ಟೇಬಲ್ ಸೆಪರೇಟ್ ಆಗಿಯೇ ಇರುತ್ತದೆ. ಗೆರೆಯನ್ನು ಸಾಲಿನ ಪ್ರತಿ ಟಿಡಿಗೆ (ಮನೆಗೆ) ಕೊಡಿ, ಬಾರ್ಡರ್-ಸ್ಪೇಸಿಂಗ್ ಸೊನ್ನೆ ಮಾಡಿ. ಸ್ಪೇಸಿಂಗ್ ಬಿಟ್ಟರೆ ಗೆರೆ ಪ್ರತಿ ಅಂಕಣದ ನಡುವೆ ತುಂಡಾಗುತ್ತದೆ. ಕೊಲ್ಯಾಪ್ಸ್ ಹಾಕಿದರೂ ಆಗುತ್ತದೆ, ಆದರೆ ಅಕ್ಕಪಕ್ಕದ ಮನೆಗಳು ಒಂದೇ ಗೆರೆಯನ್ನು ಹಂಚಿಕೊಳ್ಳುವ ಆ ಪದ್ಧತಿಯಲ್ಲಿ ಪುಟ ಮುರಿಯುವ ಜಾಗದ ಗೆರೆ ಯಾವ ಪುಟಕ್ಕೆ ಸೇರಬೇಕೆಂಬ ಗೊಂದಲ ಹುಟ್ಟುತ್ತದೆ. ಎರಡು ಮೂರು ಪುಟ ಹೋಗುವ ಪಟ್ಟಿಗೆ ಸೆಪರೇಟ್ ಒಳ್ಳೆಯದು.

ಒಳಗಿನದನ್ನು ಮೇಲಿಂದ ಕೆಳಕ್ಕೆ ಜೋಡಿಸುವ, ಕಾಲಮ್ ದಿಕ್ಕಿನ ಫ್ಲೆಕ್ಸ್ ಪೆಟ್ಟಿಗೆಯೊಳಗೆ ಎಚ್‌ಆರ್ ಇಟ್ಟರೆ ಬರುವ ದೋಷ ವಿಚಿತ್ರವಾದದ್ದು. ಪುಟದ ನಡುವೆ ಒಂದು ಚುಕ್ಕೆ ಮಾತ್ರ ಕಾಣುತ್ತದೆ. ಎಚ್‌ಆರ್‌ಗೆ ಬ್ರೌಸರ್ ತಾನಾಗಿ ಕೊಡುವ ಎಡ ಬಲ ಮಾರ್ಜಿನ್ ‘ಆಟೋ’. ಸಾಮಾನ್ಯ ಜಾಗದಲ್ಲಿ ಅದರಿಂದ ಅಪಾಯವಿಲ್ಲ. ಫ್ಲೆಕ್ಸ್‌ನಲ್ಲಿ ಮಾತ್ರ ಆಟೋ ಮಾರ್ಜಿನ್ ಇರುವ ವಸ್ತು ಅಗಲಕ್ಕೆ ಚಾಚಿಕೊಳ್ಳುವುದಿಲ್ಲ. ಒಳಗೆ ಅಕ್ಷರವೂ ಇಲ್ಲದ್ದರಿಂದ ಅಗಲ ಸೊನ್ನೆಯಾಗಿ, ಎರಡೂ ಬದಿಯ ಬಾರ್ಡರ್ ಸೇರಿ ಚುಕ್ಕೆಯಾಗುತ್ತದೆ. ಅಗಲ 100 ಪ್ರತಿಶತ ಕೊಡಿ, ಸರಿಹೋಗುತ್ತದೆ.

ಗೆರೆ ಅರ್ಧಕ್ಕೆ ನಿಂತಿದ್ದರೆ ಪಕ್ಕದಲ್ಲಿ ಫ್ಲೋಟ್ ಆದ (ಒಂದು ಬದಿಗೆ ಸರಿಸಿ ಇಟ್ಟ) ಲೋಗೋ ಅಥವಾ ಕ್ಯೂಆರ್ ಚಿತ್ರ ಇದೆಯೇ ನೋಡಿ. ಎಚ್‌ಆರ್ ಅದನ್ನು ತಪ್ಪಿಸಿಕೊಂಡು ಉಳಿದ ಜಾಗದಲ್ಲಿ ಮಾತ್ರ ನಿಲ್ಲುತ್ತದೆ. ಕ್ಲಿಯರ್ ಗುಣಕ್ಕೆ ಬೋತ್ ಎಂದು ಕೊಡಿ.

ಸಾಧನಗಳ ಸ್ವಭಾವವೂ ಸ್ವಲ್ಪ ತಿಳಿದಿರಬೇಕು. ಹಳೆಯ ಸರ್ವರ್‌ಗಳಲ್ಲಿ ಇನ್ನೂ ಡಬ್ಲ್ಯೂಕೆಎಚ್‌ಟಿಎಂಎಲ್‌ಟುಪಿಡಿಎಫ್ ಓಡುತ್ತಿರುತ್ತದೆ. ಅದರ ಕೊನೆಯ ಸ್ಥಿರ ಆವೃತ್ತಿ 0.12.6 ಬಂದದ್ದು 2020ರಲ್ಲಿ, 2023ರಲ್ಲಿ ಯೋಜನೆಯ ಬಾಗಿಲು ಹಾಕಿದರು. ಒಳಗಿರುವುದು ಬಹಳ ಹಳೆಯ ವೆಬ್‌ಕಿಟ್ ಎಂಬ ಬ್ರೌಸರ್ ಎಂಜಿನ್, ಇಂದಿನ ಫ್ಲೆಕ್ಸ್ ಮತ್ತು ಗ್ರಿಡ್ ಅದಕ್ಕೆ ಅರ್ಥವಾಗುವುದಿಲ್ಲ. ಆದ್ದರಿಂದ ಗೆರೆಗಳನ್ನು ಟೇಬಲ್‌ನಲ್ಲೇ ಇಡಬೇಕು. ಜಾವಾದ ಫ್ಲೈಯಿಂಗ್ ಸಾಸರ್‌ಗೆ ಶುದ್ಧ ಎಕ್ಸ್‌ಎಂಎಲ್ ಬೇಕು. ಮುಚ್ಚದ ಎಚ್‌ಆರ್ ಟ್ಯಾಗ್ ಒಂದಿದ್ದರೂ ಪಿಡಿಎಫ್ ಹುಟ್ಟದೆ ದೋಷ ಸಂದೇಶ ಬರುತ್ತದೆ, ಟ್ಯಾಗ್‌ನೊಳಗೆ ಕೊನೆಯ ಓರೆಗೆರೆ ಹಾಕಿದರೆ ಸಾಕು. ಪಪೆಟಿಯರ್‌ನ ಹೆಡರ್ ಮತ್ತು ಫೂಟರ್ ಪುಟದ ಸಿಎಸ್‌ಎಸ್ ಓದುವುದಿಲ್ಲ, ಅಲ್ಲಿನ ಗೆರೆಗೆ ಶೈಲಿಯನ್ನು ಅಲ್ಲೇ ಬರೆಯಬೇಕು.

ಇನ್ನೊಂದು ಹಳೆಯ ಅಭ್ಯಾಸ, ಡಾಟ್ ಮ್ಯಾಟ್ರಿಕ್ಸ್ ಕಾಲದಿಂದ ಬಂದದ್ದು: ಹೈಫನ್ ಅಥವಾ ಅಂಡರ್‌ಸ್ಕೋರ್‌ಗಳನ್ನು ಸಾಲಾಗಿ ಒತ್ತಿ ಗೆರೆ ಮಾಡುವುದು. ಫಾಂಟ್ ಬದಲಾದಂತೆ ಅದರ ಉದ್ದ ಬದಲಾಗುತ್ತದೆ. ಹೈಫನ್‌ಗಳಾದರೆ ಮುರಿದು ಎರಡನೇ ಸಾಲಿಗೆ ಇಳಿಯಬಹುದು, ಅಂಡರ್‌ಸ್ಕೋರ್‌ಗಳಾದರೆ ಮುರಿಯದೆ ಪುಟದಾಚೆ ಹೋಗುತ್ತವೆ. ಎಚ್‌ಟಿಎಂಎಲ್‌ನಲ್ಲಿ ಇದನ್ನು ಬಿಟ್ಟುಬಿಡಿ.

ಕಡತದಲ್ಲಿದೆ, ಕಾಗದದಲ್ಲಿಲ್ಲ

ಇಲ್ಲಿ ಅಳತೆಯ ಲೆಕ್ಕ ಬರುತ್ತದೆ. ಸಿಎಸ್‌ಎಸ್‌ನಲ್ಲಿ 1 ಪಿಕ್ಸೆಲ್ ಎಂದರೆ ಇಂಚಿನ 96ನೇ ಒಂದು ಭಾಗ, 1 ಪಾಯಿಂಟ್ ಎಂದರೆ 72ನೇ ಒಂದು ಭಾಗ. ಹಾಗಾಗಿ 1 ಪಿಕ್ಸೆಲ್ 0.75 ಪಾಯಿಂಟ್ ಆಗುತ್ತದೆ. 600 ಡಿಪಿಐ ಲೇಸರ್‌ನಲ್ಲಿ 0.75 ಪಾಯಿಂಟ್ ಗೆರೆಗೆ ಸುಮಾರು ಆರು ಚುಕ್ಕೆಗಳ ದಪ್ಪ ಸಿಗುತ್ತದೆ, ಕಣ್ಣಿಗೆ ಧಾರಾಳ ಸಾಕು. 0.25 ಪಾಯಿಂಟ್ ಆದರೆ ಎರಡೇ ಚುಕ್ಕೆ. ಪಿಡಿಎಫ್‌ನಲ್ಲಿ ದಪ್ಪ ಸೊನ್ನೆ ಎಂದು ಬರೆದಿದ್ದರೆ ‘ಈ ಯಂತ್ರ ಎಳೆಯಬಲ್ಲ ಅತಿ ತೆಳುವಾದ ಗೆರೆ’ ಎಂದರ್ಥ. ಪರದೆಯಲ್ಲಿ ಅದು ಒಂದು ಪಿಕ್ಸೆಲ್ ಆಗಿ ಸ್ಪಷ್ಟವಾಗಿರುತ್ತದೆ, ಅದೇ ಲೇಸರ್‌ನಲ್ಲಿ ಮಿಲಿಮೀಟರಿನ 0.04 ಭಾಗ. ಕಾಗದ ಕೈಯಲ್ಲಿ ಹಿಡಿದು ಬೆಳಕಿಗೆ ಓರೆಯಾಗಿಸಿದರೂ ಸಿಗುವುದಿಲ್ಲ.

ಕೌಂಟರಿನಲ್ಲಿರುವುದು ಲೇಸರ್ ಆಗಿರಬೇಕೆಂದೇನೂ ಇಲ್ಲ. ಕಾರವಾರದ ಬೈತಖೋಲದಂಥ ಮೀನು ಬಂದರಿನಲ್ಲಿ ಕೊಡುವ ಚೀಟಿಗೆ ಥರ್ಮಲ್ ಪ್ರಿಂಟರ್ ಇಟ್ಟರೆ ಅದರ ಸಾಮರ್ಥ್ಯ ಸಾಮಾನ್ಯವಾಗಿ 203 ಡಿಪಿಐ, ಅಂದರೆ ಮಿಲಿಮೀಟರಿಗೆ ಎಂಟು ಚುಕ್ಕೆ. ಒಂದು ಚುಕ್ಕೆಯೇ 0.35 ಪಾಯಿಂಟ್ ಇರುವಾಗ 0.25ರ ಗೆರೆಗೆ ಅಲ್ಲಿ ಜಾಗವೇ ಇಲ್ಲ. ಒಂಬತ್ತು ಸೂಜಿಯ ಡಾಟ್ ಮ್ಯಾಟ್ರಿಕ್ಸ್‌ನಲ್ಲಿ ಸೂಜಿಯಿಂದ ಸೂಜಿಗೆ ಇಂಚಿನ 72ನೇ ಒಂದು ಭಾಗದ ಅಂತರ, ಅಂದರೆ ಸರಿಯಾಗಿ 1 ಪಾಯಿಂಟ್. ಇವೆರಡಕ್ಕೂ ನಾನು 1 ಪಾಯಿಂಟ್‌ಗಿಂತ ಕಡಿಮೆ ಕೊಡುವುದಿಲ್ಲ.

ಬಣ್ಣದ್ದು ಇನ್ನೂ ದೊಡ್ಡ ಮೋಸ. ವಿನ್ಯಾಸಕಾರರಿಗೆ ತಿಳಿ ಬೂದು ಗೆರೆ ಎಂದರೆ ಇಷ್ಟ, ಪರದೆಯಲ್ಲಿ ಅದು ಸೌಮ್ಯವಾಗಿ ಕಾಣುತ್ತದೆ ನಿಜ. ಕಪ್ಪು ಟೋನರ್ ಒಂದೇ ಇರುವ ಪ್ರಿಂಟರಿಗೆ ಬೂದು ಬಣ್ಣ ಗೊತ್ತಿಲ್ಲ, ಕಪ್ಪು ಚುಕ್ಕೆಗಳನ್ನು ಬಿಡಿಬಿಡಿಯಾಗಿ ಚೆಲ್ಲಿ ಅದು ಬೂದಿನ ಭ್ರಮೆ ಹುಟ್ಟಿಸುತ್ತದೆ. ಅಗಲವಾದ ಜಾಗದಲ್ಲಿ ಆ ಉಪಾಯ ನಡೆಯುತ್ತದೆ. ತೆಳ್ಳಗಿನ ಗೆರೆಯಲ್ಲಿ ಚುಕ್ಕೆಗಳಿಗೆ ಎಡೆ ಸಿಗದೆ ಗೆರೆ ತುಂಡು ತುಂಡಾಗುತ್ತದೆ, ಕೆಲವೊಮ್ಮೆ ಅಳಿಸಿಯೇ ಹೋಗುತ್ತದೆ. ಎಚ್‌ಆರ್‌ಗೆ ಬ್ರೌಸರ್ ಕೊಡುವ ಮೂಲ ರೂಪವೇ 1 ಪಿಕ್ಸೆಲ್ಲಿನ ಬೂದು ಇನ್‌ಸೆಟ್ ಬಾರ್ಡರ್, ಮೇಲೆ ಗಾಢ, ಕೆಳಗೆ ತಿಳಿ. ಇದರ ಜೊತೆ ಎತ್ತರ 1 ಪಿಕ್ಸೆಲ್ ಸೇರಿಸಿದವರಿಗೆ ಒಟ್ಟು 3 ಪಿಕ್ಸೆಲ್ಲಿನ ಟೊಳ್ಳು ಪೆಟ್ಟಿಗೆ ಸಿಗುತ್ತದೆ, ಕಾಗದದಲ್ಲಿ ಅದು ಎರಡು ಮಸುಕು ಗೆರೆ. ಸೌಮ್ಯವಾಗಿ ಕಾಣಬೇಕೆಂದರೆ ಬೂದು ಮಾಡಬೇಡಿ. ಅಚ್ಚ ಕಪ್ಪಿನಲ್ಲೇ ಇಟ್ಟು 0.5 ಪಾಯಿಂಟ್‌ಗೆ ತೆಳ್ಳಗೆ ಮಾಡಿ.

ಕುಗ್ಗುವಿಕೆಯನ್ನೂ ಪರಿಶೀಲಿಸಿ. ಟೇಬಲ್ ಪುಟಕ್ಕಿಂತ ಅಗಲವಾದರೆ ಕ್ರೋಮ್ ಇಡೀ ಪುಟವನ್ನು ಕುಗ್ಗಿಸಿ ಕೂರಿಸುತ್ತದೆ, ಡಬ್ಲ್ಯೂಕೆಎಚ್‌ಟಿಎಂಎಲ್‌ಟುಪಿಡಿಎಫ್‌ನ ಸ್ಮಾರ್ಟ್ ಶ್ರಿಂಕಿಂಗ್ ಕೂಡ ಇದೇ ಜಾತಿಯದು. ಅಕ್ಷರಗಳ ಜೊತೆ ಗೆರೆಯೂ ಸೊರಗುತ್ತದೆ. ಎ4 ಪುಟದ ಅಗಲ 210 ಮಿಲಿಮೀಟರ್, ಸಿಎಸ್‌ಎಸ್ ಲೆಕ್ಕದಲ್ಲಿ ಸುಮಾರು 794 ಪಿಕ್ಸೆಲ್. ಮಾರ್ಜಿನ್ ಕಳೆದು ಉಳಿದದ್ದರೊಳಗೆ ಟೇಬಲ್ ಇರಲಿ. ಪ್ರಿಂಟ್ ಸಂವಾದದಲ್ಲಿ ‘ಪುಟಕ್ಕೆ ಹೊಂದಿಸು’ ಆಯ್ಕೆ ಇದ್ದರೆ ತೆಗೆದು 100 ಪ್ರತಿಶತ ಮಾಡಿ.

ಶಿರಸಿ, ಸಿದ್ದಾಪುರ, ಯಲ್ಲಾಪುರದವರಿಗೆ ಒಂದು ಮಾತು. ಆಷಾಢದ ಮಳೆಯಲ್ಲಿ ಬಿಚ್ಚಿಟ್ಟ ಕಾಗದದ ಕಟ್ಟು ತೇವ ಎಳೆದುಕೊಳ್ಳುತ್ತದೆ, ತೇವದ ಕಾಗದಕ್ಕೆ ಟೋನರ್ ಸರಿಯಾಗಿ ಹತ್ತುವುದಿಲ್ಲ. ಗೆರೆ ಮಸುಕಾಗಿದೆ ಎಂದು ದೂರು ಬಂದಾಗ ಮೊದಲು ಅಕ್ಷರಗಳನ್ನು ನೋಡಿ. ಅವೂ ಮಸುಕಾಗಿದ್ದರೆ ಕೋಡ್ ಮುಟ್ಟಬೇಡಿ, ಹೊಸ ಕಟ್ಟು ಒಡೆದು ಅದರ ಹಾಳೆ ಹಾಕಿ ನೋಡಿ.

ಒತ್ತಕ್ಷರಕ್ಕೆ ತಾಗುವ ಗೆರೆ

ಇಂಗ್ಲಿಷ್ ಬಿಲ್ಲಿನ ಮಾದರಿಯನ್ನು ಕನ್ನಡಕ್ಕೆ ತಂದಾಗ ಮಾತ್ರ ಹುಟ್ಟುವ ದೋಷ ಇದು. ಇದರ ಬಗ್ಗೆ ಬರೆದವರು ಕಡಿಮೆ, ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಪಟ್ಟಿಯಲ್ಲಿ ‘ರಾಶಿ’, ‘ಚಾಲಿ’ ಸಾಲುಗಳ ಕೆಳಗಿನ ಗೆರೆ ಅಕ್ಷರದಿಂದ ದೂರ, ‘ಬೆಟ್ಟೆ’ ಸಾಲಿನದು ಅಕ್ಷರಕ್ಕೆ ಅಂಟಿಕೊಂಡಿದೆ, ‘ಒಟ್ಟು ಮೊತ್ತ’ದಲ್ಲಂತೂ ಗೆರೆ ಒತ್ತಿನ ಮೇಲೇ ಹಾದಿದೆ. ನೋಡಿದವರಿಗೆ ಗೆರೆಗಳು ಏರುಪೇರಾದಂತೆ ಅನಿಸುತ್ತದೆ. ಅಳೆದರೆ ಅಂತರ ಎಲ್ಲ ಸಾಲಿಗೂ ಒಂದೇ. ಮೊದಲೆರಡು ಪದಗಳಲ್ಲಿ ಕೆಳಕ್ಕೆ ಇಳಿಯುವ ಒತ್ತು ಇಲ್ಲ, ಉಳಿದವುಗಳಲ್ಲಿ ಇದೆ, ವ್ಯತ್ಯಾಸ ಇಷ್ಟೇ. ಕಾರಣ ಹೆಚ್ಚಿನ ಸಂದರ್ಭದಲ್ಲಿ ಲೈನ್-ಹೈಟ್ 1 ಅಥವಾ 1.1 ಎಂದು ಇಂಗ್ಲಿಷ್ ಮಾದರಿಯಿಂದ ಹಾಗೇ ಉಳಿದುಕೊಂಡಿರುವುದು. ಅಷ್ಟರಲ್ಲಿ ಕನ್ನಡದ ಒತ್ತು ಸಾಲಿನ ಪೆಟ್ಟಿಗೆಯಿಂದ ಕೆಳಗೆ ಚಾಚಿಕೊಳ್ಳುತ್ತದೆ, ಬಾರ್ಡರ್ ಮಾತ್ರ ಪೆಟ್ಟಿಗೆಯ ಅಂಚಿನಲ್ಲೇ ಬರುತ್ತದೆ. ಲೈನ್-ಹೈಟ್ 1.5ರಿಂದ 1.6ಕ್ಕೆ ಏರಿಸಿ, ಗೆರೆಯ ಮೇಲೆ 2ರಿಂದ 3 ಪಾಯಿಂಟ್ ಪ್ಯಾಡಿಂಗ್ (ಒಳಗಿನ ಖಾಲಿ ಜಾಗ) ಕೊಡಿ. ‘ಸ್ತ್ರೀಶಕ್ತಿ’, ‘ಶಾಸ್ತ್ರಿ’ಯಂಥ ಎರಡೆರಡು ಒತ್ತಿನ ಹೆಸರುಗಳನ್ನು ಪರೀಕ್ಷೆಗೆ ಇಟ್ಟುಕೊಳ್ಳಿ. ‘ರಾಮ’ ಎಂದು ಪರೀಕ್ಷಿಸಿದರೆ ದೋಷ ಎಂದೂ ಸಿಗುವುದಿಲ್ಲ.

ಶೀರ್ಷಿಕೆಯ ಕೆಳಗೆ ಗೆರೆ ಬೇಕೆಂದು ಅಂಡರ್‌ಲೈನ್ ಹಾಕಿದವರಿಗೆ ಗೆರೆ ಅಲ್ಲಲ್ಲಿ ಹರಿದಂತೆ ಕಾಣುತ್ತದೆ. ಅಕ್ಷರದ ಭಾಗ ಅಡ್ಡ ಬಂದಲ್ಲಿ ಗೆರೆಯನ್ನು ಬಿಟ್ಟು ಮುಂದೆ ಎಳೆಯುವುದು ಇಂದಿನ ಬ್ರೌಸರ್‌ಗಳ ಕ್ರಮ, ಅದಕ್ಕೆ ಸ್ಕಿಪ್-ಇಂಕ್ ಎಂಬ ಗುಣ ಕಾರಣ. ಇಂಗ್ಲಿಷ್‌ನಲ್ಲಿ ಬಾಲವಿರುವ ಅಕ್ಷರ ಕೆಲವೇ, ಕನ್ನಡದಲ್ಲಿ ಒತ್ತು ಹೆಜ್ಜೆಗೊಂದು. ಸ್ಕಿಪ್-ಇಂಕ್ ತೆಗೆದರೆ ಗೆರೆ ಒತ್ತನ್ನು ಸೀಳಿಕೊಂಡು ಹೋಗುತ್ತದೆ, ಅದು ಇನ್ನೂ ಕೆಟ್ಟದ್ದು. ಅಂಡರ್‌ಲೈನ್ ಬಿಟ್ಟು, ಬಾರ್ಡರ್-ಬಾಟಮ್ ಮತ್ತು ಪ್ಯಾಡಿಂಗ್-ಬಾಟಮ್ ಬಳಸಿ.

ಪಿಎಚ್‌ಪಿಯ ಡೋಮ್‌ಪಿಡಿಎಫ್ ಕನ್ನಡದ ಒತ್ತಕ್ಷರ ಕಟ್ಟುವುದಿಲ್ಲ, ಅರ್ಕಾವೊತ್ತು, ಸಂಯುಕ್ತಾಕ್ಷರಗಳು ಬಿಡಿಯಾಗಿ ಹರಡಿ ಪದ ಉದ್ದವಾಗುತ್ತದೆ, ಸಾಲು ಮುರಿಯುತ್ತದೆ, ಗೆರೆ ಜಾಗ ತಪ್ಪುತ್ತದೆ. ಇಲ್ಲಿ ಗೆರೆ ತಿದ್ದಿ ಪ್ರಯೋಜನವಿಲ್ಲ, ಸಾಧನ ಬದಲಿಸಬೇಕು. ಪಿಎಚ್‌ಪಿಯಲ್ಲೇ ಇರಬೇಕೆಂದರೆ ಎಂಪಿಡಿಎಫ್‌ನಲ್ಲಿ ಫಾಂಟ್‌ಗೆ ಒತ್ತಕ್ಷರ ಕಟ್ಟುವ ಓಟಿಎಲ್ ಆಯ್ಕೆ ಹಾಕಿಕೊಳ್ಳಿ. ಪೈಥಾನ್ ಆದರೆ ವೀಸಿಪ್ರಿಂಟ್, ಅದು ಪ್ಯಾಂಗೊ ಮತ್ತು ಹಾರ್ಫ್‌ಬಜ್ ಮೂಲಕ ಅಕ್ಷರ ಜೋಡಿಸುವುದರಿಂದ ಕನ್ನಡ ಸರಿಯಾಗಿ ಬರುತ್ತದೆ. ಕ್ರೋಮ್‌ನಲ್ಲೂ ತೊಂದರೆ ಇಲ್ಲ.

ಪುಟ ಮುರಿದಾಗ

ಮೊತ್ತದ ಗೆರೆ ಒಂದನೇ ಪುಟದ ತಳದಲ್ಲಿ ಉಳಿದು, ಮೊತ್ತ ಎರಡನೇ ಪುಟದ ತಲೆಗೆ ಹೋಗುವುದು ಪಟ್ಟಿಯಲ್ಲಿ ಆಗಲೇಬಾರದ ಕೆಲಸ. ಗೆರೆಯನ್ನು ಬೇರೆ ಎಚ್‌ಆರ್ ಆಗಿ ಇಟ್ಟದ್ದೇ ಇದಕ್ಕೆ ಕಾರಣ. ಗೆರೆ ಮೊತ್ತದ ಸಾಲಿನ ಟಿಡಿಗಳ ಬಾರ್ಡರ್-ಟಾಪ್ ಆಗಿದ್ದರೆ ಎರಡೂ ಒಟ್ಟಿಗೇ ಹೋಗುತ್ತವೆ. ಆ ಸಾಲಿಗೆ ಬ್ರೇಕ್-ಇನ್‌ಸೈಡ್ ಅವಾಯ್ಡ್ ಕೊಡಿ, ಹಳೆಯ ಸಾಧನವಾದರೆ ಪೇಜ್-ಬ್ರೇಕ್-ಇನ್‌ಸೈಡ್. ಎಚ್‌ಆರ್ ಬಿಡಲಾಗದಿದ್ದರೆ ಅದಕ್ಕೆ ಬ್ರೇಕ್-ಆಫ್ಟರ್ ಅವಾಯ್ಡ್ ಹಾಕಿ.

ಪರದೆಯಲ್ಲಿ ಮಾತ್ರ ಕಾಣುವ ದೋಷ

ಒಂದೇ ದಪ್ಪದ ಗೆರೆಗಳು ಪರದೆಯಲ್ಲಿ ಒಂದು ದಪ್ಪ, ಒಂದು ತೆಳು ಕಂಡರೆ ಹಿಗ್ಗಿಸಿ ನೋಡಿ, ಸಮವಾಗುತ್ತವೆ. ಅಕ್ರೋಬ್ಯಾಟ್‌ನ ಪೇಜ್ ಡಿಸ್‌ಪ್ಲೇ ಆಯ್ಕೆಗಳಲ್ಲಿ ‘ಎನ್‌ಹಾನ್ಸ್ ಥಿನ್ ಲೈನ್ಸ್’ ಎಂಬುದಿದೆ, ಅದನ್ನು ತೆಗೆದೂ ಹಾಕಿಯೂ ನೋಡಬಹುದು. ಬಣ್ಣ ತುಂಬಿದ ಸಾಲುಗಳ ನಡುವೆ ಬಿಳಿ ಕೂದಲೆಳೆಯಂಥ ಗೆರೆ ಬಂದರೂ ಅದು ಪರದೆಯ ಅಂಚು ನಯಗೊಳಿಸುವ ಕ್ರಿಯೆಯಿಂದಾದದ್ದು, ಕಾಗದದಲ್ಲಿ ಸಾಮಾನ್ಯವಾಗಿ ಇರುವುದಿಲ್ಲ.

ನಾನು ಈಗ ಬಳಸುವ ಗೆರೆ

ಎಚ್‌ಆರ್‌ಗೆ ಮೊದಲು ಬಾರ್ಡರ್ ಸೊನ್ನೆ. ಆಮೇಲೆ ಬಾರ್ಡರ್-ಟಾಪ್ 0.75 ಪಾಯಿಂಟ್, ಸಾಲಿಡ್, ಕಪ್ಪು. ಎತ್ತರ ಸೊನ್ನೆ, ಅಗಲ 100 ಪ್ರತಿಶತ, ಒಪಾಸಿಟಿ 1, ಕ್ಲಿಯರ್ ಬೋತ್, ಮೇಲೆ ಕೆಳಗೆ ಮಾರ್ಜಿನ್ 6 ಪಾಯಿಂಟ್, ಎಡ ಬಲ ಸೊನ್ನೆ. ಟೇಬಲ್ ಒಳಗಿನ ಗೆರೆಗೆ ಟಿಡಿಯ ಬಾರ್ಡರ್-ಟಾಪ್, ಅದೇ ದಪ್ಪ. ನಿವ್ವಳ ಮೊತ್ತದ ಮೇಲೆ ಮಾತ್ರ 1.5 ಪಾಯಿಂಟ್, ಓದುವವರ ಕಣ್ಣು ಅಲ್ಲಿ ನಿಲ್ಲಬೇಕು.

ಹೊಸ ಕಡೆ ತಂತ್ರಾಂಶ ಕೂರಿಸುವಾಗ ಒಂದು ಪುಟದಲ್ಲಿ 0.25, 0.5, 0.75, 1, 1.5 ಪಾಯಿಂಟ್ ಗೆರೆಗಳನ್ನು ಕಪ್ಪಿನಲ್ಲೊಮ್ಮೆ, ಬೂದಿನಲ್ಲೊಮ್ಮೆ ಎಳೆದು, ಪಕ್ಕದಲ್ಲಿ ದಪ್ಪ ಬರೆದು, ಆ ಕೌಂಟರಿನ ಪ್ರಿಂಟರಿನಲ್ಲೇ ಮುದ್ರಿಸಿ. ಕನ್ನಡಕ ಹಾಕಿದ ಗುಮಾಸ್ತರ ಕೈಗೆ ಕೊಟ್ಟು ಯಾವ ಗೆರೆಯವರೆಗೆ ಕಾಣುತ್ತದೆ ಎಂದು ಕೇಳಿ, ಅವರು ತೋರಿಸಿದ್ದಕ್ಕಿಂತ ಒಂದು ಮೆಟ್ಟಿಲು ದಪ್ಪದ್ದನ್ನು ಆರಿಸಿ. ಆ ಹಾಳೆಯ ಮೇಲೆ ಪ್ರಿಂಟರಿನ ಮಾದರಿ ಮತ್ತು ತಾರೀಕು ಬರೆದು ಅಲ್ಲೇ ಫೈಲಿನಲ್ಲಿಡಿ. ಪ್ರಿಂಟರ್ ಬದಲಾದ ದಿನ ಹೊಸ ಹಾಳೆ ತೆಗೆದು ಇದರ ಪಕ್ಕದಲ್ಲಿಟ್ಟು ನೋಡಿದರೆ, ಕೋಡ್ ತೆರೆಯಬೇಕೋ ಬೇಡವೋ ಅಲ್ಲೇ ಗೊತ್ತಾಗುತ್ತದೆ.